ಚರ್ಮದಿಂದ ಇನ್ಸುಲಿನ್ ಕೋಶ: ಸುದ್ದಿ ನಿಜ, ಆದರೆ ಮಗನ ಇನ್ಸುಲಿನ್ ಪೆನ್ ಬಿಡಬೇಡಿ

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಮಗನಿಗೆ 13 ವರ್ಷ. ಹತ್ತನೇ ವರ್ಷದಲ್ಲಿ ಟೈಪ್ 1 ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ಚರ್ಮದ ಜೀವಕೋಶವನ್ನೇ ಇನ್ಸುಲಿನ್ ಮಾಡುವ ಕೋಶವಾಗಿ ಬದಲಾಯಿಸುತ್ತಾರೆ, ಚೀನಾದಲ್ಲಿ ಒಬ್ಬಳಿಗೆ ಹಾಗೆ ಗುಣವಾಗಿದೆ ಎಂಬ ವೀಡಿಯೊ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂತು. ದೂರದ ಊರಿನ ಒಂದು ಕ್ಲಿನಿಕ್ಕಿನಲ್ಲಿ ಇದೇ ಸ್ಟೆಮ್ ಸೆಲ್ ಚಿಕಿತ್ಸೆ ಇದೆ, ಆರು ಲಕ್ಷ ಆಗುತ್ತದೆ ಎಂದು ನಂಟರೊಬ್ಬರು ಹೇಳುತ್ತಿದ್ದಾರೆ. ಅಡಿಕೆ ಮಾರಿದ ಹಣ ಸ್ವಲ್ಪ ಇದೆ. ಹೋಗಬಹುದಾ? ಮಗನ ಚರ್ಮವನ್ನು ಈಗಲೇ ತೆಗೆದು ಇಡಿಸಬೇಕಾ? ಮಾವನಿಗೂ ಇಪ್ಪತ್ತು ವರ್ಷದಿಂದ ಶುಗರ್ ಇದೆ, ಅವರಿಗೂ ಆಗುತ್ತದಾ? ಇನ್ನೊಂದು ಪ್ರಶ್ನೆ ಮಗನದ್ದು: ಚರ್ಮ ತೆಗೆಯುವಾಗ ನೋವಾಗುತ್ತದಾ?

ಉತ್ತರ: ಅಕ್ಕಾ, ಮೊದಲು ಹಣದ ವಿಷಯ ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನವಾಗಿ ಓದಬಹುದು. ಆ ಕ್ಲಿನಿಕ್ಕಿಗೆ ಒಂದು ರೂಪಾಯಿಯೂ ಕೊಡಬೇಡಿ. ಯಾರು ಏನೇ ಹೇಳಿದರೂ ಮಗನ ಇನ್ಸುಲಿನ್ ಒಂದು ಹೊತ್ತೂ ತಪ್ಪಿಸಬೇಡಿ.

ಇನ್ನು ವೀಡಿಯೊ. ಅದರಲ್ಲಿ ಸುಳ್ಳಿಗಿಂತ ನಿಜವೇ ಜಾಸ್ತಿ ಇದೆ. ಅದಕ್ಕೇ ಅದು ನಿಮ್ಮನ್ನು ಇಷ್ಟು ಅಲುಗಾಡಿಸಿದ್ದು. ನಾನು ಕುಂಬಳೆ ಸೀಮೆಯಲ್ಲಿ ಹುಟ್ಟಿ ಬೆಳೆದವನು. ಮಂಗಳೂರಿನಲ್ಲಿ ಸಕ್ಕರೆ ಕಾಯಿಲೆಯ ಮಕ್ಕಳನ್ನು ನೋಡುತ್ತಾ ತುಂಬ ವರ್ಷಗಳಾದವು. ತಿಂಗಳಿಗೆ ಒಬ್ಬ ತಾಯಿಯಾದರೂ ಮೊಬೈಲ್ ಮುಂದೆ ಹಿಡಿದು ಇದೇ ಪ್ರಶ್ನೆ ಕೇಳುತ್ತಾರೆ. ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಬಿಡಿಸಿ ಹೇಳಲು ಒಪಿಡಿಯಲ್ಲಿ ಹೊತ್ತು ಸಾಲುವುದಿಲ್ಲ. ಇಲ್ಲಿ ಹೇಳುತ್ತೇನೆ.

ನಿಮ್ಮ ಮಗನ ಹೊಟ್ಟೆಯಲ್ಲಿ ಏನು ಹೋಗಿದೆ ಎಂದು ನೋಡೋಣ. ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಡಾಕ್ಟರುಗಳು ಪ್ಯಾಂಕ್ರಿಯಾಸ್ ಎನ್ನುತ್ತಾರೆ. ಅದರೊಳಗೆ ಸುಮಾರು ಹತ್ತು ಲಕ್ಷ ಸಣ್ಣ ಸಣ್ಣ ಕೋಶಗುಂಪುಗಳು ಚೆಲ್ಲಿಕೊಂಡಿರುತ್ತವೆ. ಆ ಗುಂಪುಗಳಲ್ಲಿರುವ ಬೀಟಾ ಕೋಶಗಳು ಮಾತ್ರ ಇನ್ಸುಲಿನ್ ಮಾಡುತ್ತವೆ. ದೇಹದ ಎಲ್ಲ ಬೀಟಾ ಕೋಶಗಳನ್ನು ಒಟ್ಟು ಮಾಡಿದರೂ ತೂಕ ಒಂದು ಗ್ರಾಂ ಆಸುಪಾಸು. ಅಷ್ಟೇ ಅಷ್ಟನ್ನು ಮಗನ ದೇಹದ ಕಾವಲು ಪಡೆ, ಅಂದರೆ ರೋಗನಿರೋಧಕ ವ್ಯವಸ್ಥೆ, ಶತ್ರು ಎಂದು ತಪ್ಪು ತಿಳಿದು ಕೊಂದುಹಾಕಿದೆ. ನೀವು ಕೊಟ್ಟ ಊಟದಿಂದ ಆದದ್ದಲ್ಲ. ಹಲಸಿನ ಹಣ್ಣು ಜಾಸ್ತಿ ತಿಂದದ್ದರಿಂದಲೂ ಅಲ್ಲ. ನೀವು ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ. ಹೆಚ್ಚಿನ ತಾಯಂದಿರು ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುತ್ತಾರೆ.

ಈ ಬೀಟಾ ಕೋಶ ಬರೀ ಇನ್ಸುಲಿನ್ ಮಾಡುವ ಯಂತ್ರವಲ್ಲ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಕ್ಷಣಕ್ಷಣವೂ ನೋಡುತ್ತದೆ. ಕುಚ್ಚಲಕ್ಕಿ ಗಂಜಿ ಉಂಡರೆ ಎಷ್ಟು ಬೇಕೋ ಅಷ್ಟು, ಆಟಕ್ಕೆ ಓಡಿದರೆ ಇನ್ನೂ ಕಡಿಮೆ, ರಾತ್ರಿ ಮಲಗಿದರೆ ಹನಿಹನಿ. ನೀವು ಗ್ಲುಕೋಮೀಟರ್, ಪೆನ್, ಲೆಕ್ಕದ ಪುಸ್ತಕ ಹಿಡಿದು ಮೂರು ವರ್ಷದಿಂದ ಮಾಡುತ್ತಿರುವ ಕೆಲಸವನ್ನು ಅದು ತಾನಾಗಿಯೇ ಮಾಡುತ್ತಿತ್ತು. ಹಾಗಾಗಿ ಕೋಶವನ್ನೇ ಮರಳಿ ಕೊಡಬೇಕು ಎಂಬ ಆಸೆ ವಿಜ್ಞಾನಿಗಳಿಗೆ ಹುಟ್ಟಿದ್ದು ಸಹಜ.

ಚರ್ಮ ಹೇಗೆ ಬೀಟಾ ಕೋಶ ಆಗುತ್ತದೆ? ನಮ್ಮ ಕಡೆಯವರಿಗೆ ಇದನ್ನು ಹೇಳುವಾಗ ನನಗೆ ಯಕ್ಷಗಾನದ ಚೌಕಿಯೇ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗವೇ, ನೆನಪಾಗುತ್ತದೆ. ಒಬ್ಬ ಕಲಾವಿದನಿಗೆ ಎಲ್ಲ ವೇಷವೂ ಗೊತ್ತಿದೆ ಎಂದುಕೊಳ್ಳಿ. ಇವತ್ತು ಬಣ್ಣದ ವೇಷ ಕಟ್ಟಿದ್ದಾನೆ. ಚುಟ್ಟಿ ಇಟ್ಟು, ಕಿರೀಟ ಹೊತ್ತು ರಂಗಸ್ಥಳದಲ್ಲಿ ಅಬ್ಬರಿಸುತ್ತಿದ್ದಾನೆ. ಸ್ತ್ರೀವೇಷದ ಮಾತು, ಹೆಜ್ಜೆ ಎಲ್ಲವೂ ಅವನೊಳಗೆ ಇದೆ, ಆದರೆ ಇವತ್ತು ಅದಕ್ಕೆ ಬಾಗಿಲು ಹಾಕಿದೆ. ಚರ್ಮದ ಕೋಶವೂ ಹಾಗೆಯೇ. ಅದರೊಳಗೆ ಇನ್ಸುಲಿನ್ ಮಾಡುವ ಜೀನ್ ಪೂರ್ತಿಯಾಗಿ ಇದೆ. ದೇಹದ ಬಹುತೇಕ ಎಲ್ಲ ಕೋಶಗಳಲ್ಲೂ ಇದೆ. ಚರ್ಮದಲ್ಲಿ ಅದಕ್ಕೆ ಬೀಗ ಬಿದ್ದಿರುತ್ತದೆ, ಅಷ್ಟೇ.

ಒಮ್ಮೆ ವೇಷ ಕಟ್ಟಿದ ಕೋಶ ಮತ್ತೆ ಚೌಕಿಗೆ ಹೋಗಲಾರದು ಎಂದೇ ಬಹಳ ಕಾಲ ಎಲ್ಲರೂ ನಂಬಿದ್ದರು. 1962ರಲ್ಲಿ ಇಂಗ್ಲೆಂಡಿನ ಜಾನ್ ಗರ್ಡನ್ ಒಂದು ಗೊದಮೊಟ್ಟೆಯ ಕರುಳಿನ ಕೋಶದಿಂದ ತಿರುಳನ್ನು, ಅಂದರೆ ಜೀನ್‌ಗಳಿರುವ ನಡುಭಾಗವನ್ನು, ತೆಗೆದು, ತಿರುಳಿಲ್ಲದ ಕಪ್ಪೆ ಮೊಟ್ಟೆಯೊಳಗೆ ಇಟ್ಟರು. ಅದರಿಂದ ಇಡೀ ಕಪ್ಪೆಯೇ ಬೆಳೆಯಿತು. ಅಂದರೆ ಬಣ್ಣ ಅಳಿಸಬಹುದು. 2006ರಲ್ಲಿ ಜಪಾನಿನ ಕ್ಯೋಟೊದಲ್ಲಿ ಶಿನ್ಯಾ ಯಮನಕ ಅವರು ಇಲಿಯ ಚರ್ಮದ ಕೋಶಕ್ಕೆ ನಾಲ್ಕೇ ನಾಲ್ಕು ಜೀನ್ ಸೇರಿಸಿ ಅದನ್ನು ಭ್ರೂಣದ ಕೋಶದಂತೆ ಮಾಡಿದರು. ಮರುವರ್ಷ ಮನುಷ್ಯರ ಚರ್ಮದಲ್ಲೂ ಇದು ಆಯಿತು. ಮುಖ ಪೂರ್ತಿ ತೊಳೆದ ಈ ಕೋಶಗಳು ಮುಂದೆ ಯಾವ ವೇಷವನ್ನು ಬೇಕಾದರೂ ಕಟ್ಟಬಲ್ಲವು. ಇಂಥ ಕೋಶಗಳನ್ನೇ ಸ್ಟೆಮ್ ಸೆಲ್ ಎನ್ನುವುದು. ಇವರಿಬ್ಬರಿಗೂ 2012ರಲ್ಲಿ ನೊಬೆಲ್ ಬಂತು.

ತೊಳೆದ ಮುಖಕ್ಕೆ ಬೀಟಾ ಕೋಶದ ಬಣ್ಣ ಹಾಕುವುದು ಇನ್ನೊಂದು ದೊಡ್ಡ ಕೆಲಸ. ಅಮೆರಿಕದ ಹಾರ್ವರ್ಡ್‌ನ ಡಗ್ಲಾಸ್ ಮೆಲ್ಟನ್ ಅವರ ಕತೆ ನಿಮಗೆ ಹೇಳಲೇಬೇಕು. ಅವರು ಮೊದಲು ಕಪ್ಪೆಯ ಭ್ರೂಣ ಹೇಗೆ ಬೆಳೆಯುತ್ತದೆ ಎಂದು ಓದುತ್ತಿದ್ದವರು. ಹಸುಗೂಸಾಗಿದ್ದ ಮಗನಿಗೆ ಟೈಪ್ 1 ಬಂತು. ಆಮೇಲೆ ಮಗಳಿಗೂ ಬಂತು. ಅವರು ಆ ಕೆಲಸ ಬಿಟ್ಟು ಬೀಟಾ ಕೋಶದ ಹಿಂದೆ ಬಿದ್ದರು. ಎರಡು ದಶಕಕ್ಕೂ ಜಾಸ್ತಿ ಹಿಡಿಯಿತು. ತಾಯಿಯ ಗರ್ಭದಲ್ಲಿ ಮಗುವಿನ ಪ್ಯಾಂಕ್ರಿಯಾಸ್ ಯಾವ ಕ್ರಮದಲ್ಲಿ ಬೆಳೆಯುತ್ತದೋ ಅದೇ ಕ್ರಮದಲ್ಲಿ ಕೋಶಗಳಿಗೆ ಒಂದೊಂದೇ ರಾಸಾಯನಿಕ ಸೂಚನೆ ಕೊಡಬೇಕು. ಮೊದಲು ಕರುಳಿನ ಪದರ, ಆಮೇಲೆ ಪ್ಯಾಂಕ್ರಿಯಾಸ್‌ನ ಮೊಳಕೆ, ಕೊನೆಗೆ ಬೀಟಾ. ಒಂದು ತಿಂಗಳಿಗೂ ಮೀರಿದ ಪಾಕ. ಒಂದು ಹಂತದಲ್ಲಿ ಹದ ತಪ್ಪಿದರೆ ಎಲ್ಲವೂ ಹೋಯಿತು. 2014ರಲ್ಲಿ ಅವರ ತಂಡ ಸಕ್ಕರೆ ಕಂಡರೆ ಇನ್ಸುಲಿನ್ ಬಿಡುವ ಮನುಷ್ಯರ ಕೋಶಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ತೋರಿಸಿತು. 2016ರಲ್ಲಿ ಟೈಪ್ 1 ಇರುವವರದೇ ಚರ್ಮದಿಂದ ಅಂಥ ಕೋಶ ಬಂತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಗ್ಲಾಡ್‌ಸ್ಟೋನ್ ಸಂಸ್ಥೆಯಲ್ಲಿ ಮುಖ ಪೂರ್ತಿ ತೊಳೆಯದೆ, ಅರ್ಧ ದಾರಿಯಿಂದಲೇ ಚರ್ಮದ ಕೋಶವನ್ನು ಪ್ಯಾಂಕ್ರಿಯಾಸ್ ಕಡೆಗೆ ತಿರುಗಿಸಿದರು.

ಇಲ್ಲಿ ಒಂದು ಅಪಾಯವಿದೆ. ಕೋಟಿಗಟ್ಟಲೆ ಕೋಶಗಳಲ್ಲಿ ಕೆಲವು ಮುಖ ತೊಳೆದು ಬಣ್ಣ ಹಾಕದೆ ಹಾಗೇ ಉಳಿದುಬಿಟ್ಟರೆ, ಅವು ದೇಹದೊಳಗೆ ಹೋಗಿ ತಮಗೆ ತೋಚಿದ ವೇಷ ಕಟ್ಟುತ್ತವೆ. ಅಂದರೆ ಗಡ್ಡೆ ಬೆಳೆಯುತ್ತದೆ. ಅದಕ್ಕೇ ಒಳ್ಳೆಯ ಪ್ರಯೋಗಾಲಯಗಳು ಕೋಶ ಮಾಡುವುದಕ್ಕಿಂತ ಅದನ್ನು ಪರೀಕ್ಷೆ ಮಾಡುವುದಕ್ಕೇ ಜಾಸ್ತಿ ಹೊತ್ತು ಕೊಡುತ್ತವೆ.

ಈಗ ನಿಮ್ಮ ವೀಡಿಯೊದ ಹುಡುಗಿ. ಆಕೆಗೆ ಆಗ 25 ವರ್ಷ, ಟೈಪ್ 1 ಇತ್ತು. ಪೀಕಿಂಗ್ ವಿಶ್ವವಿದ್ಯಾಲಯದ ಡೆಂಗ್ ಹೊಂಗ್‌ಕುಯಿ ಅವರ ತಂಡ ಆಕೆಯ ಕೋಶಗಳನ್ನೇ ತೆಗೆದುಕೊಂಡಿತು. ವೀಡಿಯೊದಲ್ಲಿ ಚರ್ಮ ಎಂದಿದೆ, ನಿಜಕ್ಕೂ ತೆಗೆದದ್ದು ಕೊಬ್ಬಿನಿಂದ. ಜೀನ್ ಸೇರಿಸದೆ ರಾಸಾಯನಿಕಗಳಿಂದಲೇ ಬಣ್ಣ ತೊಳೆದರು. 2023ರ ಜೂನ್‌ನಲ್ಲಿ ಸುಮಾರು 15 ಲಕ್ಷ ಕೋಶಗುಂಪುಗಳನ್ನು ಹೊಟ್ಟೆಯ ಸ್ನಾಯುವಿನ ಪದರದಡಿ ಇಟ್ಟರು. 75 ದಿನಕ್ಕೆ ಆಕೆಯ ಇನ್ಸುಲಿನ್ ನಿಂತಿತು. ಒಂದು ವರ್ಷದವರೆಗೆ ಚೆನ್ನಾಗಿದ್ದರು ಎಂದು 2024ರಲ್ಲಿ ವರದಿ ಬಂತು. ಓದಿದಾಗ ನನಗೆ ಕಣ್ಣು ತುಂಬಿತು ಎಂದರೆ ನಂಬಿ.

ಆದರೆ ವೀಡಿಯೊ ಬಿಟ್ಟ ಒಂದು ಮಾತಿದೆ. ಆಕೆಗೆ ಮೊದಲೇ ಲಿವರ್ ಕಸಿ ಆಗಿತ್ತು. ಹಾಗಾಗಿ ಕಾವಲು ಪಡೆಯನ್ನು ತಗ್ಗಿಸುವ ಮಾತ್ರೆಗಳನ್ನು ಮೊದಲಿನಿಂದಲೂ ತಿನ್ನುತ್ತಿದ್ದರು. ಆ ಮಾತ್ರೆ ಇಲ್ಲದಿದ್ದರೆ ಹೊಸ ಕೋಶಗಳು ಉಳಿಯುತ್ತಿದ್ದವಾ ಎಂಬುದಕ್ಕೆ ಆ ಚಿಕಿತ್ಸೆ ಉತ್ತರ ಕೊಡಲಾರದು.

ನಿಮ್ಮದು ಅಡಿಕೆ ತೋಟ ಅಲ್ವಾ? ಮರಕ್ಕೆ ಒಳ್ಳೆಮೆಣಸಿನ ಬಳ್ಳಿ ಹಬ್ಬಿಸಿರಬಹುದು. ಮಳೆಗಾಲದಲ್ಲಿ ಸೊರಗು ರೋಗ ಬಂದು ಬಳ್ಳಿ ಸತ್ತರೆ, ಅದೇ ಬುಡದಲ್ಲಿ ಹೊಸ ಬಳ್ಳಿ ನೆಟ್ಟರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಬಳ್ಳಿ ಹೊಸತು, ಆದರೆ ಮಣ್ಣಿನಲ್ಲಿ ರೋಗ ಹಳೆಯದೇ. ಟೈಪ್ 1ರಲ್ಲಿ ಇದೇ ಕಷ್ಟ. ಮಗನದೇ ಚರ್ಮದಿಂದ ಮಾಡಿದ ಕೋಶ ಮಗನಿಗೆ ಪರಕೀಯವಲ್ಲ, ಆದ್ದರಿಂದ ದೇಹ ಒಪ್ಪಿಕೊಳ್ಳುತ್ತದೆ ಎಂದು ಹಲವರು ಅಂದುಕೊಳ್ಳುತ್ತಾರೆ. ಇದಕ್ಕೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಟೈಪ್ 1 ಇರುವವರಿಗೆ, ಕಾಯಿಲೆ ಇಲ್ಲದ ಅವರ ತದ್ರೂಪಿ ಅವಳಿಯ ಪ್ಯಾಂಕ್ರಿಯಾಸ್ ತುಂಡನ್ನು ಕಸಿ ಮಾಡಿದರು. ಒಂದೇ ಜೀನು, ಒಂದೇ ರಕ್ತ. ಪರಕೀಯ ಎಂಬ ಮಾತೇ ಇಲ್ಲ. ಆದರೂ ಹಳೆಯ ಕಾಯಿಲೆ ಮರುಕಳಿಸಿ ಆ ಹೊಸ ಬೀಟಾ ಕೋಶಗಳನ್ನೂ ಕೊಂದುಹಾಕಿತು.

ಕೋಶ ಮಾಡುವ ವಿದ್ಯೆ ಬಹುಮಟ್ಟಿಗೆ ಕೈಗೆ ಬಂದಿದೆ, ಅಕ್ಕಾ. ಆ ಕೋಶ ಬದುಕಲು ಬೇಕಾದ ಮಣ್ಣು ಇನ್ನೂ ಸಿದ್ಧವಾಗಿಲ್ಲ.

ಸದ್ಯಕ್ಕೆ ದಾರಿ ಒಂದೇ: ಕಾವಲು ಪಡೆಯನ್ನು ಮಾತ್ರೆಯಿಂದ ತಗ್ಗಿಸುವುದು. ಇದರಲ್ಲಿ ಎಲ್ಲಕ್ಕಿಂತ ಮುಂದೆ ಹೋಗಿರುವುದು ಅಮೆರಿಕದ ವರ್ಟೆಕ್ಸ್ ಕಂಪನಿಯ ಪ್ರಯೋಗ. ಮೆಲ್ಟನ್ ಅವರ ಕೆಲಸದಿಂದ ಹುಟ್ಟಿದ್ದು. ರೋಗಿಯ ಚರ್ಮದಿಂದಲ್ಲ, ಬೇರೊಬ್ಬರಿಂದ ಬಂದ ಸ್ಟೆಮ್ ಸೆಲ್‌ನಿಂದ ಕೋಶ ಮಾಡಿ, ಸುಮಾರು 80 ಕೋಟಿ ಕೋಶಗಳನ್ನು ಲಿವರ್‌ಗೆ ಹೋಗುವ ರಕ್ತನಾಳದಲ್ಲಿ ಬಿಡುತ್ತಾರೆ. 2025ರ ಜೂನ್‌ನಲ್ಲಿ ಬಂದ ವರದಿಯಲ್ಲಿ, ಪೂರ್ತಿ ಪ್ರಮಾಣ ಪಡೆದ 12 ಮಂದಿಯಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬೇಕಾಗಿರಲಿಲ್ಲ. ಇದು ತುಂಬ ದೊಡ್ಡ ಮಾತು. ಜೊತೆಗೆ ಇದನ್ನೂ ಹೇಳಬೇಕು: ಪ್ರಯೋಗದ ಒಟ್ಟು 14 ಮಂದಿಯಲ್ಲಿ ಇಬ್ಬರು ತೀರಿಕೊಂಡರು. ಅದರಲ್ಲಿ ಒಬ್ಬರು ಹೋದದ್ದು ಮೆದುಳಿನ ಪೊರೆಗೆ ಬಂದ ಶಿಲೀಂಧ್ರದ ಸೋಂಕಿನಿಂದ. ಕಾವಲು ತಗ್ಗಿದ ದೇಹಕ್ಕೆ ಅಂಟುವ ಸೋಂಕು ಅದು. ಆ ಪ್ರಯೋಗಕ್ಕೆ ತೆಗೆದುಕೊಂಡದ್ದು ಸುಮ್ನೆ ಶುಗರ್ ಏರುಪೇರು ಇರುವವರನ್ನಲ್ಲ. ಶುಗರ್ ಕುಸಿದು ಎಚ್ಚರ ತಪ್ಪುವ, ಕುಸಿಯುವ ಮುನ್ಸೂಚನೆಯೇ ಗೊತ್ತಾಗದ ದೊಡ್ಡವರನ್ನು. ಅವರ ಮಟ್ಟಿಗೆ ಈ ಅಪಾಯ ಹೊತ್ತುಕೊಳ್ಳುವುದರಲ್ಲಿ ಅರ್ಥವಿದೆ. ಶಾಲೆಗೆ ಹೋಗಿ, ಆಡಿ, ಉಂಡು ಚೆನ್ನಾಗಿರುವ 13 ವರ್ಷದ ಹುಡುಗನಿಗೆ ಇನ್ಸುಲಿನ್ ಸೂಜಿ ತಪ್ಪಿಸಲು ಜೀವನವಿಡೀ ಆ ಮಾತ್ರೆ ತಿನ್ನಿಸುವುದನ್ನು ನಾನು ಒಪ್ಪುವುದಿಲ್ಲ. ನನ್ನ ಮಗನಿಗೂ ಮಾಡಿಸುವುದಿಲ್ಲ.

ಹಾಗಾದರೆ ಮಣ್ಣಿನ ರೋಗಕ್ಕೆ ಏನು ಮಾಡುತ್ತಿದ್ದಾರೆ? ಒಳ್ಳೆಮೆಣಸಿಗೆ ನಾವು ಏನು ಮಾಡುತ್ತೇವೋ ಅದೇ. ಸೊರಗು ರೋಗಕ್ಕೆ ಬಗ್ಗದ ಹಿಪ್ಪಲಿಯ ಬುಡಕ್ಕೆ ಮೆಣಸಿನ ಬಳ್ಳಿಯನ್ನು ಕಸಿ ಕಟ್ಟುತ್ತೇವಲ್ಲ, ಹಾಗೆ ಕಾವಲು ಪಡೆಯ ಕಣ್ಣಿಗೆ ಬೀಳದಂತೆ ಕೋಶದ ಜೀನ್‌ಗಳನ್ನೇ ತಿದ್ದುತ್ತಿದ್ದಾರೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ಹೀಗೆ ತಿದ್ದಿದ ದಾನಿಯ ಕೋಶಗಳನ್ನು ಒಬ್ಬ ರೋಗಿಯ ತೋಳಿನ ಸ್ನಾಯುವಿನಲ್ಲಿ ಇಟ್ಟರು. ಕಾವಲು ತಗ್ಗಿಸುವ ಮಾತ್ರೆ ಇಲ್ಲದೆಯೇ ಆ ಕೋಶಗಳು ಬದುಕಿ ಇನ್ಸುಲಿನ್ ಕೊಟ್ಟವು. 2025ರಲ್ಲಿ ಪ್ರಕಟವಾಯಿತು. ಇಟ್ಟದ್ದು ಕಡಿಮೆ ಪ್ರಮಾಣ, ಆದ್ದರಿಂದ ಆತ ಹೊರಗಿನ ಇನ್ಸುಲಿನ್ ಬಿಟ್ಟಿಲ್ಲ. ಒಬ್ಬನೇ ರೋಗಿ, ಸಣ್ಣ ಪ್ರಯೋಗ. ಆದರೂ ಇಷ್ಟು ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಭರವಸೆ ಕೊಟ್ಟದ್ದು ಇದೇ. ಕೋಶಗಳನ್ನು ಸಣ್ಣ ಚೀಲದೊಳಗಿಟ್ಟು ಕಾಪಾಡುವ ಪ್ರಯತ್ನವೂ ನಡೆದಿತ್ತು. ಚೀಲದ ಸುತ್ತ ಗಾಯದ ಪೊರೆ ಬೆಳೆದು ಒಳಗಿನ ಕೋಶಕ್ಕೆ ಆಮ್ಲಜನಕ ಸಿಗದೆ ಸೊರಗುತ್ತಿತ್ತು.

ಇಷ್ಟು ಓದಿದ ಮೇಲೆ ಆ ಕ್ಲಿನಿಕ್ ಏನು ಮಾರುತ್ತಿದೆ ಎಂದು ನೀವೇ ಕೇಳಿಕೊಳ್ಳಬಹುದು. ಜಗತ್ತಿನ ದೊಡ್ಡ ಪ್ರಯೋಗಾಲಯಗಳು ತಿಂಗಳುಗಟ್ಟಲೆ ಬೆಳೆಸಿ, ಪರೀಕ್ಷೆ ಮಾಡಿ ಕೊಡುವ ಕೋಶವನ್ನು ಒಂದು ಕ್ಲಿನಿಕ್ ಎರಡು ದಿನದಲ್ಲಿ ಕೊಡಲಾರದು. ಇಂಥ ಕಡೆ ಹೆಚ್ಚಾಗಿ ಮಾಡುವುದು ಸೊಂಟದ ಮೂಳೆಯ ಮಜ್ಜೆಯನ್ನೋ ಕೊಬ್ಬನ್ನೋ ತೆಗೆದು, ಸೋಸಿ, ಮತ್ತೆ ರಕ್ತಕ್ಕೆ ಬಿಡುವುದು. ಅದು ಬೀಟಾ ಕೋಶ ಅಲ್ಲವೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ ಬೇರೆ ಯಾವ ಸ್ಟೆಮ್ ಸೆಲ್ ಬಳಕೆಯೂ ಚಿಕಿತ್ಸೆ ಅಲ್ಲ, ಪ್ರಯೋಗ ಮಾತ್ರ. ಪ್ರಯೋಗ ಎಂದರೆ ಸರಕಾರದ ಅನುಮತಿ ಬೇಕು, ನೋಂದಣಿ ಬೇಕು, ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ನಂಟರು ಮತ್ತೆ ಒತ್ತಾಯ ಮಾಡಿದರೆ ಆ ಕ್ಲಿನಿಕ್ಕಿನವರ ಹತ್ತಿರ ಪ್ರಯೋಗದ ನೋಂದಣಿ ಸಂಖ್ಯೆ ಕೇಳಲು ಹೇಳಿ. ಬರವಣಿಗೆಯಲ್ಲಿ ಕೇಳಲಿ.

ಒಬ್ಬ ಹುಡುಗನನ್ನು ನಾನು ಮರೆಯಲಾರೆ. ನಿಮ್ಮ ಹಾಗೇ ತೋಟದವರು. ಹಣ ಹೊಂದಿಸಿ ಎಲ್ಲೋ ಹೋಗಿ ಸ್ಟೆಮ್ ಸೆಲ್ ಹಾಕಿಸಿಕೊಂಡು ಬಂದರು. ಇನ್ನು ಇನ್ಸುಲಿನ್ ಕಡಿಮೆ ಮಾಡುತ್ತಾ ಬನ್ನಿ ಎಂದು ಅಲ್ಲಿ ಹೇಳಿದ್ದರಂತೆ. ಕಡಿಮೆ ಮಾಡಿದರು, ಆಮೇಲೆ ನಿಲ್ಲಿಸಿದರು. ಮೂರನೇ ದಿನ ವಾಂತಿ, ಹೊಟ್ಟೆನೋವು. ಅಜೀರ್ಣ ಎಂದು ಮನೆಯಲ್ಲಿ ಜೀರಿಗೆ ಕಷಾಯ ಕೊಟ್ಟರು. ನನ್ನ ಹತ್ತಿರ ತರುವಾಗ ಉಸಿರು ಏದುಸಿರಾಗಿತ್ತು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ. ಇನ್ಸುಲಿನ್ ಇಲ್ಲದೆ ರಕ್ತ ಹುಳಿಯಾಗಿತ್ತು. ಐಸಿಯುನಲ್ಲಿ ನಾಲ್ಕು ದಿನ ಇಟ್ಟು ಉಳಿಸಿಕೊಂಡೆವು. ಟೈಪ್ 1 ಇರುವ ಮಗುವಿಗೆ ವಾಂತಿ ಬಂದರೆ ಮೊದಲು ಶುಗರ್ ನೋಡಿ, ಮೂತ್ರದಲ್ಲಿ ಕೀಟೋನ್, ಅಂದರೆ ರಕ್ತವನ್ನು ಹುಳಿ ಮಾಡುವ ವಸ್ತು, ಇದೆಯಾ ನೋಡಿ. ಕಷಾಯ ಆಮೇಲೆ.

ಅಡಿಕೆ ಮಾರಿದ ಹಣ ಸ್ವಲ್ಪ ಇದೆ ಎಂದಿರಿ. ಅದರಲ್ಲಿ ಒಂದು ಪಾಲನ್ನು ಮಗನಿಗೆ ಈಗಲೇ ಉಪಯೋಗಕ್ಕೆ ಬರುವುದಕ್ಕೆ ಹಾಕಿ. ತೋಳಿಗೆ ಅಂಟಿಸಿ ಐದೈದು ನಿಮಿಷಕ್ಕೆ ಶುಗರ್ ತೋರಿಸುವ ಸೆನ್ಸರ್ ಬಂದಿದೆ. ರಾತ್ರಿ ಶುಗರ್ ಇಳಿದರೆ ಕೂಗಿ ಎಬ್ಬಿಸುವ ಬಗೆಯವೂ ಇವೆ. ನೀವು ಮೂರು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಎಂದು ನನಗೆ ಗೊತ್ತು. ಅದಕ್ಕೂ ಮೊದಲು ಕೇರಳ ಸಾಮಾಜಿಕ ಸುರಕ್ಷಾ ಮಿಷನ್‌ನ "ಮಿಠಾಯಿ" ಯೋಜನೆಯನ್ನು ವಿಚಾರಿಸಿ. ಟೈಪ್ 1 ಇರುವ ಮಕ್ಕಳಿಗೆ ಇನ್ಸುಲಿನ್, ಪೆನ್, ಉಪಕರಣಗಳನ್ನು ಕೊಡಲೆಂದೇ ಇರುವ ಯೋಜನೆ. ನಮ್ಮ ಗಡಿ ಕಡೆಯವರು ಚಿಕಿತ್ಸೆಗೆ ಮಂಗಳೂರಿಗೆ ಬರುತ್ತಾರೆ, ಹಾಗಾಗಿ ಕೇರಳದ ಯೋಜನೆಗಳು ಕಣ್ಣಿಗೇ ಬೀಳುವುದಿಲ್ಲ. ಮಲಯಾಳದ ಕಾಗದಪತ್ರ ಕಷ್ಟವಾದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಒಂದು ತಿಂಗಳ ಇನ್ಸುಲಿನ್ ಜಾಸ್ತಿಯೇ ಇರಲಿ. 2020ರಲ್ಲಿ ಕೊರೊನಾ ಕಾಲಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಏನಾಯಿತು ಎಂದು ನಾವೆಲ್ಲ ನೋಡಿದ್ದೇವೆ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋದರೆ ಪೆನ್ನುಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ, ನೀರಿನ ಮಣ್ಣಿನ ಮಡಕೆಯೊಳಗೆ ಇನ್ನೊಂದು ಪಾತ್ರೆಯಲ್ಲಿಡಿ. ಫ್ರೀಜರ್‌ನಲ್ಲಿ ಮಾತ್ರ ಯಾವತ್ತೂ ಇಡಬೇಡಿ.

ಈ ಕಾಳಜಿ ಬರೀ ಇವತ್ತಿನದ್ದಲ್ಲ. ಹೊಸ ಚಿಕಿತ್ಸೆ ಬರುವ ಹೊತ್ತಿಗೆ ಮಗನ ಕಿಡ್ನಿ, ಕಣ್ಣು, ನರ ಚೆನ್ನಾಗಿರಬೇಕು. ಬೀಟಾ ಕೋಶ ಕೊಡಬಹುದು, ಕೆಟ್ಟ ಕಿಡ್ನಿಯನ್ನು ಅದು ಸರಿ ಮಾಡುವುದಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ತಪ್ಪಿಸಬೇಡಿ. ವರ್ಷಕ್ಕೊಮ್ಮೆ ಕಣ್ಣು ಮತ್ತು ಮೂತ್ರದ ಪ್ರೊಟೀನ್ ನೋಡಿಸಿ.

ಮಾವನವರ ವಿಷಯ ಬೇರೆ. ಅವರದು ಟೈಪ್ 2 ಇರಬೇಕು. ಅವರ ಬೀಟಾ ಕೋಶಗಳನ್ನು ಯಾರೂ ಕೊಂದಿಲ್ಲ. ದೇಹ ಇನ್ಸುಲಿನ್ ಮಾತು ಕೇಳದೆ, ಕೋಶಗಳು ದುಡಿದು ದುಡಿದು ದಣಿದಿವೆ. ಚೀನಾದ ಶಾಂಘೈಯಲ್ಲಿ ಟೈಪ್ 2 ಇದ್ದ 59 ವರ್ಷದ ಒಬ್ಬರಿಗೆ ಅವರದೇ ರಕ್ತದ ಕೋಶದಿಂದ ಈ ಚಿಕಿತ್ಸೆ ಮಾಡಿದ್ದಾರೆ, ಇನ್ಸುಲಿನ್ ನಿಂತಿದೆ. ಅವರೂ ಕಿಡ್ನಿ ಕಸಿಯಾಗಿ ಅದೇ ಮಾತ್ರೆ ತಿನ್ನುತ್ತಿದ್ದವರು. ಮಾವನಿಗೆ ಈಗಿನ ಮಾತ್ರೆ, ಸಂಜೆಯ ನಡಿಗೆ, ಪಾದದ ಆರೈಕೆ ಇದೇ ಸಾಕು. ತೋಟಕ್ಕೆ ಬರಿಗಾಲಲ್ಲಿ ಹೋಗುವುದನ್ನು ಹೇಗಾದರೂ ನಿಲ್ಲಿಸಿ.

ಚರ್ಮ ಈಗಲೇ ತೆಗೆದಿಡಬೇಕಾಗಿಲ್ಲ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಹತ್ತು ವರ್ಷದ ಮೇಲೆ ಬೇಕಾದರೂ ಆಗ ತೆಗೆಯಬಹುದು. ಇಟ್ಟುಕೊಡುತ್ತೇವೆ, ವರ್ಷಕ್ಕೆ ಇಷ್ಟು ಕೊಡಿ ಎಂದು ಯಾರಾದರೂ ಬಂದರೆ ಬೇಡ ಎನ್ನಿ.

ಇನ್ನು ನಿಮ್ಮ ಮಗನ ಪ್ರಶ್ನೆ. ಇದನ್ನು ಅವನಿಗೇ ಓದಿ ಹೇಳಿ. ತಮ್ಮಾ, ತೆಗೆಯುವುದು ತೋಳಿನ ಒಳಬದಿಯಿಂದ, ಒಂದು ಕಾಳುಮೆಣಸಿಗಿಂತಲೂ ಸಣ್ಣ ಚೂರು, ಸುಮಾರು ಮೂರು ಮಿಲಿಮೀಟರ್. ಮೊದಲು ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ, ಅದೊಂದು ಚುಚ್ಚುವುದು ಗೊತ್ತಾಗುತ್ತದೆ. ಈಗೀಗ ಅದೂ ಬೇಡ, ರಕ್ತ ಪರೀಕ್ಷೆಗೆ ತೆಗೆಯುವಷ್ಟು ರಕ್ತದಿಂದಲೂ ಈ ಕೋಶ ಮಾಡುತ್ತಾರೆ. ನೀನು ಹತ್ತನೇ ವರ್ಷದಿಂದ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಂಡವನು. ಲೆಕ್ಕ ಹಾಕು, ನಾಲ್ಕು ಸಾವಿರ ಸಲ ದಾಟಿದೆ. ನಿನಗೆ ಅದು ಏನೂ ಅಲ್ಲ.